ಶ್ರಾವಣದಲ್ಲಿ ಎಳೆದ ಗೆರೆ

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎರಡು ತಿಂಗಳು ತಡವಾಗಿ, ಅದೂ ಹಾವೇರಿಯಿಂದ ಮೆಣಸಿನಕಾಯಿ ತರುವ ವ್ಯಾಪಾರಿಯೊಬ್ಬರ ಬಾಯಿಂದ. "ನಿಮ್ಮ ಕಡೆ ಮೊದಲ ಒಬ್ಬರು ಓವರ್ಸಿಯರ್ ಇದ್ದರಲ್ರಿ, ಸುಣ್ಣದ ಡಬ್ಬಿ ಹಿಡಕೊಂಡು ತಿರಗತಿದ್ದರು, ಅವರು ಹೋದ್ರಂತ" ಎಂದು ಹೇಳಿ ಅವರು ಮೆಣಸಿನಕಾಯಿಯ ಮಾತಿಗೆ ಹೊರಳಿದರು. ನಾನೂ ಹೊರಳಿದೆ. ಮನೆಗೆ ಬಂದು ಕೈಕಾಲು ತೊಳೆದು ಎಲೆಯ ಮುಂದೆ ಕುಳಿತವನು ಮಾತ್ರ ಉಣ್ಣದೆ ಎದ್ದೆ. ಹೆಂಡತಿ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದೆ.

ಅವರ ಹೆಸರನ್ನು ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಪೇಟೆ ಎಂದರೆ ಸಾಕು. ಅಲ್ಲಿ ಈಗಲೂ ನನ್ನ ನೆಂಟರಿದ್ದಾರೆ. ನಾನು ಹೇಳಹೊರಟಿರುವುದು ಅವರಿಗೆ ಹಿತವಾಗುವ ಸಂಗತಿಯಲ್ಲ. ನನಗಂತೂ ಮೊದಲೇ ಅಲ್ಲ.

ಮುಂಬಯಿ ಸರಕಾರದ ಕೈಯಿಂದ ನಾವು ಮೈಸೂರಿನ ಕಡೆಗೆ ಬಂದ ಮರುವರ್ಷ ಅವರು ನಮ್ಮ ಪೇಟೆ ಪಂಚಾಯ್ತಿಗೆ ಓವರ್ಸಿಯರ್ ಆಗಿ ಬಂದರು. ನಾನು ಅಲ್ಲಿ ಗುಮಾಸ್ತ. ಆಗಲೇ ಎರಡು ಮಕ್ಕಳ ತಂದೆ. ಅಕ್ಷರ ದುಂಡಗಿತ್ತೆಂದು ಟಪಾಲಿನ ಜೊತೆಗೆ ನಕ್ಷೆಗಳನ್ನು ತೆಳುಬಟ್ಟೆಯ ಮೇಲೆ ಶಾಯಿಯಲ್ಲಿ ತಿದ್ದುವ ಕೆಲಸವನ್ನೂ ನನಗೇ ಗಂಟುಹಾಕಿದ್ದರು. ಮೊದಲ ದಿನವೇ ಅವರು ನನ್ನ ಮೇಜಿನ ಮೇಲಿದ್ದ ಹಳೆಯ ನಕ್ಷೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿ ಮಡಿಸಿಟ್ಟರು. "ಭಾಳ ಚಂದ ಬರದೀರಿ. ಆದರ ಇದನ್ನ ಯಾರನ್ನ ಕೇಳಿ ಬರದಾರ?" ಎಂದರು. ಯಾರನ್ನು ಕೇಳುವುದು? ಹಿಂದಿದ್ದ ಸಾಹೇಬರು ಬರೆದದ್ದನ್ನು ನಾನು ತಿದ್ದಿದ್ದೆ. ಅದನ್ನೇ ಹೇಳಿದೆ.

ದಪ್ಪ ಧೋತರ, ಗುಂಡಿ ತಪ್ಪದ ಕೋಟು, ಹಿಂದಿನ ಕ್ಯಾರಿಯರ್‌ಗೆ ಕಟ್ಟಿದ ತಗಡಿನ ಡಬ್ಬಿಯ ಒಂದು ಸೈಕಲ್ಲು. ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದರು. ಒಳಗೆ ಸುಣ್ಣದ ಪುಡಿ. ಅದನ್ನು ಕೈಯಲ್ಲಿ ತೂಗಾಡಿಸುತ್ತ ನಡೆದರೆ ನೆಲದ ಮೇಲೆ ಬಿಳಿಯ ಗೆರೆ ಬೀಳುತ್ತಿತ್ತು. ಕಟ್ಟಬೇಕಾದದ್ದು ಏನೇ ಇರಲಿ, ಮೊದಲು ಅದನ್ನು ನೆಲದ ಮೇಲೆ ಅಷ್ಟೇ ಉದ್ದಗಲಕ್ಕೆ ಹಾಗೆ ಬರೆಯುವರು. ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಒಳಗೆ ಕರೆಯುವರು. "ಬರ್ರಿ, ಇದು ಬಾಗಲಾ. ಇಲ್ಲಿಂದ ಒಳಗ ಬರ್ರಿ. ಹಾಳಿ ಮ್ಯಾಲೆ ಎಲ್ಲಾ ಚಂದ ಕಾಣಸ್ತದ. ನೆಲದ ಮ್ಯಾಲೆ ನಿಂತು ನೋಡಿ ಹೇಳ್ರಿ." ಹೇಳಿದ್ದನ್ನು ಕೇಳಿ, ಕಾಲಿನಿಂದ ಗೆರೆ ಅಳಿಸಿ, ಮತ್ತೆ ಎಳೆಯುವರು. ಎಲ್ಲರೂ ಸುಮ್ಮನಾದ ಮೇಲೆ ಅದನ್ನು ಅಳೆದು ನನಗೆ ಕಾಗದಕ್ಕೆ ಇಳಿಸಲು ಕೊಡುತ್ತಿದ್ದರು. ನಕ್ಷೆಯಿಂದ ನೆಲಕ್ಕೆ ಹೋಗುವುದನ್ನು ನಾನು ಕಂಡಿದ್ದೆ. ನೆಲದಿಂದ ನಕ್ಷೆಗೆ ಬಂದವರು ಇವರೊಬ್ಬರೇ.

ಊರು ನಕ್ಕಿತು. ಚಿಕ್ಕ ಮಕ್ಕಳು ಮನೆಮನೆಯಾಟ ಆಡಿದಂತೆ ಸರಕಾರದವರು ಆಡುತ್ತಾರೆ ಎಂದರು. ಹೆಗಡೆಕಟ್ಟಾದ ನನ್ನ ಭಾವ ಒಮ್ಮೆ ಬಂದವರು ಅದನ್ನು ನೋಡಿ, "ಈ ಆಟಕ್ಕೆ ಇವ್ಕೆ ಸಂಬಳ ಕೊಡ್ತ್ವ, ಇಲ್ಲೆ ಇವೇ ಕೊಡ್ತ್ವ?" ಎಂದು ನನ್ನನ್ನು ಕಿಚಾಯಿಸಿದ್ದರು. ಓವರ್ಸಿಯರ್ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಅಲ್ಲಿ ದಿನಾ ಅಡ್ಡಾಡವರು ಯಾರು, ನಾನೋ ಅವರೋ?" ಎನ್ನುವುದು ಅವರ ಮಾಮೂಲಿ ಮಾತು. ಅಧ್ಯಕ್ಷರಿಗೂ ಅದನ್ನೇ ಹೇಳುತ್ತಿದ್ದರು, ಜಾಡಮಾಲಿಗೂ ಅದನ್ನೇ.

ಊರ ಬಾವಿಗೆ ಕಟ್ಟೆ ಕಟ್ಟುವಾಗ ಕೊಡ ಇಡುವ ಕಲ್ಲು ಎಷ್ಟೆತ್ತರ ಇರಬೇಕು ಎಂಬ ಪ್ರಶ್ನೆ ಬಂತು. ಹೆಂಗಸರನ್ನು ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು ಓಡುತ್ತಾರೆ. ಇವರು ಒಂದು ಬಿದಿರ ಗಳುವನ್ನು ಬಾವಿಯ ಪಕ್ಕ ನೆಟ್ಟರು. ಅಲ್ಲಿದ್ದ ಮುದುಕಿಯೊಬ್ಬಳ ಕೈಗೆ ಇದ್ದಿಲು ಕೊಟ್ಟು, ಬಂದವರ ಸೊಂಟದ ಅಳತೆಗೆ ಒಂದೊಂದು ಗೀಟು ಹಾಕು ಎಂದು ಹೇಳಿ, ತಾವು ಬಾವಿಗೆ ಬೆನ್ನು ಮಾಡಿ ರಸ್ತೆ ನೋಡುತ್ತ ನಿಂತರು. ಎರಡು ಗಂಟೆ ಹಾಗೆಯೇ ನಿಂತಿದ್ದರು. ಮುದುಕಿ ಗಳು ಕಿತ್ತು ತಂದುಕೊಟ್ಟಾಗ ಅದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ಗೀಟುಗಳಿದ್ದವು. ಕಲ್ಲನ್ನು ಎರಡು ಎತ್ತರದಲ್ಲಿ ಹಾಕಿಸಿದರು. ಅದಾದ ಮೇಲೆ ಊರಿನ ನಗು ಕೊಂಚ ಕಡಿಮೆಯಾಯಿತು.

ಮೋಟಾರ್ ನಿಲ್ಲುವ ಜಾಗಕ್ಕೆ ಕಲ್ಲಿನ ಆವರಣ ಹಾಕಲು ಹೊರಟಾಗ ಯಲ್ಲಾಪುರದ ಮೋಟಾರ್ ಓಡಿಸುವ ಸಾಬರು ತಕರಾರು ತೆಗೆದರು. "ಸಾಹೇಬ್, ನಿಮ್ಮ ಗೆರೆ ಒಳಗೆ ಸೈಕಲ್ ತಿರುಗ್ತದೆ, ಗಾಡಿ ತಿರುಗೋದಿಲ್ಲ." ಇವರಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. "ಹಂಗಾರ ತಿರುಗಿಸಿ ತೋರಸ್ರಿ" ಎಂದರು. ಸಾಬರು ಜನರನ್ನು ಹೊತ್ತ ಗಾಡಿಯನ್ನೇ ಸುತ್ತು ಹಾಕಿಸಿದರು. ಇವರು ಡಬ್ಬಿ ಹಿಡಿದು ಗಾಲಿಯ ಹಿಂದೆ ಓಡಿದರು. ಕೋಟಿನ ಮೇಲೆಲ್ಲ ಸುಣ್ಣ, ಧೂಳು. ಗಾಡಿಯೊಳಗಿದ್ದ ಭೈರುಂಬೆಯ ಜನ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಓವರ್ಸಿಯರ್ ಅಷ್ಟು ಸಂತೋಷವಾಗಿ ಇದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವರಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಪ್ರಶ್ನೆ ಕೇಳಿದ ಮೇಲೆ ಕಣ್ಣು ಮುಚ್ಚಿಕೊಂಡು ಉತ್ತರಕ್ಕೆ ಕಾಯುತ್ತಿದ್ದರು. ಕಣ್ಣು ತೆರೆದಿದ್ದರೆ ಎದುರಿನವರ ಮುಖವಾದರೂ ಕಾಣುತ್ತಿತ್ತು. ಬೇಕಾದವರು ಬಂದೇ ಬರುತ್ತಾರೆ, ಬಂದವರು ಹೇಳಿಯೇ ಹೇಳುತ್ತಾರೆ ಎಂದು ನಂಬಿದ್ದರು. ಜೋಳದ ಸೀಮೆಯವರು. ಬಾಡಿಗೆ ಕೋಣೆಯಲ್ಲಿ ತಾವೇ ರೊಟ್ಟಿ ತಟ್ಟಿಕೊಳ್ಳುತ್ತಿದ್ದರು. ಲಿಂಗವಂತರು, ಮಾಂಸ ಮೀನಿನ ಗೊಡವೆ ಗೊತ್ತಿಲ್ಲದವರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದ ತಪ್ಪಿನಲ್ಲಿ ಅವರ ಪಾಲಿದ್ದದ್ದು ಇಷ್ಟೇ.

ಎರಡನೆಯ ವರ್ಷ ಸಂತೆ ಮೈದಾನದಲ್ಲಿ ಮಾರ್ಕೆಟ್ ಕಟ್ಟಿಸಲು ಮಂಜೂರಿ ಬಂತು. ಬೇಸಗೆಯಲ್ಲಿ ಅವರು ಇಡೀ ಮೈದಾನಕ್ಕೆ ಗೆರೆ ಹಾಕಿದರು. ಪ್ರತಿಯೊಬ್ಬ ವ್ಯಾಪಾರಿಯನ್ನೂ ಅವರವರ ಬುಟ್ಟಿ, ತಕ್ಕಡಿ, ಗೋಣಿಚೀಲದ ಸಮೇತ ಕೂರಿಸಿ, ಸುತ್ತ ಸುಣ್ಣ ಸುರಿದು, ಇಷ್ಟು ಸಾಕೋ ಸಾಲದೋ ಎಂದು ಕೇಳಿದರು. ನಾಲ್ಕು ಸಂತೆ ಹೀಗೇ ನಡೆಯಿತು. ಬನವಾಸಿ ಕಡೆಯ ಬೆಲ್ಲದವರು ನೆರಳು ಕೇಳಿದರು. ಬಳೆಗಾರ ಸಾಬರು ಹೆಂಗಸರು ಕೈ ಚಾಚಿ ಕೂರಲು ಒಂದು ಮೂಲೆ ಕೇಳಿದರು. ನನ್ನ ಅಪ್ಪ, ಸಂತೆಯಲ್ಲಿ ಬಾಳೆಹಣ್ಣು ವೀಳ್ಯದೆಲೆ ಮಾರುವವನು, ಎಲೆಗೆ ನೀರು ಚಿಮುಕಿಸಲು ಪಕ್ಕದಲ್ಲೇ ತೊಟ್ಟಿ ಕೇಳಿದ. ಎಲ್ಲವನ್ನೂ ಬರೆದುಕೊಂಡರು.

ಅಪ್ಪನ ಪಕ್ಕದಲ್ಲಿ, ರಸ್ತೆಯ ಅಂಚಿಗೆ, ಅಂಕೋಲೆ ಕಡೆಯಿಂದ ಘಟ್ಟ ಹತ್ತಿ ಬರುತ್ತಿದ್ದ ಒಣಮೀನಿನ ಹೆಂಗಸು ಕೂರುತ್ತಿದ್ದಳು. ಐವತ್ತರ ಆಸುಪಾಸು, ಎತ್ತಿ ಕಟ್ಟಿದ ಸೀರೆ, ದೊಡ್ಡ ಮೂಗುತಿ. ಅವಳ ಜೊತೆಗೆ ಅವಳದೇ ಊರಿನ ಇನ್ನಿಬ್ಬರು. ಅವಳ ಸರದಿ ಬಂದಾಗ ಇವರು ತಮ್ಮ ಸೀಮೆಯ ರೂಢಿಯಂತೆ, "ಅಕ್ಕಾರ, ನಿಮಗ ಏನು ಬೇಕು?" ಎಂದರು. ಮೀನಿನವಳನ್ನು ಅಕ್ಕಾರ ಎಂದದ್ದಕ್ಕೆ ಸುತ್ತಲಿನವರು ಮುಸಿಮುಸಿ ನಕ್ಕರು. ಅವಳು ನಗಲಿಲ್ಲ.

"ನಂಗೆ ಮಾಡು ಗೀಡು ಎಂತಾ ಬ್ಯಾಡ ಒಡ್ಯಾ. ರಸ್ತೆಗೆ ಮುಖ ಇದ್ರೆ ಸಾಕು. ನಮ್ ಗಿರಾಕಿ ಹುಡಿಕಂಡ್ ಬರೂರಲ್ಲ. ಹೋಗೂರು ಕಂಡ್ರೆ ನಿಲ್ತ್ರು, ಕಾಣದಿದ್ರೆ ಸೀದಾ ಹೋತ್ರು."

ಇವರು ಅವಳ ಬುಟ್ಟಿಗಳ ಸುತ್ತ ಗೆರೆ ಎಳೆದರು. "ಇದು ನಿಮ್ಮ ಜಾಗಾ ಅಕ್ಕಾರ. ನಿಮ್ಮನ್ನ ಕೇಳದ ಈ ಗೆರಿ ನಾ ಅಳಸಂಗಿಲ್ಲ." ಅವಳು ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣ ಇಸಿದುಕೊಂಡು, ತನ್ನ ಮುಂದಿನ ಗೆರೆ ತೆಳುವಾಗಿದ್ದ ಕಡೆ ತಾನೇ ಉದುರಿಸಿ ಸರಿ ಮಾಡಿದಳು.

ಮಳೆ ಹಿಡಿದ ಮೇಲೆ ಸುಣ್ಣ ತೊಳೆದುಹೋಯಿತು. ಅಳತೆಗಳೆಲ್ಲ ಅವರ ಪುಸ್ತಕದಲ್ಲಿದ್ದವು. ದಸರೆ ಮುಗಿದು ಮಳೆ ನಿಂತ ಕೂಡಲೇ ಕೆಲಸ ಶುರುವಾಗಬೇಕು, ಅದಕ್ಕೆ ಮೊದಲು ನಕ್ಷೆ ಕಾರವಾರಕ್ಕೆ ಹೋಗಿ ಒಪ್ಪಿಗೆಯಾಗಿ ಬರಬೇಕು. ಅವರು ಲೆಕ್ಕ ಹಾಕಿ ಶ್ರಾವಣದ ಒಂದು ದಿನ ಶಾಲೆಯಲ್ಲಿ ಕೊನೆಯ ಸಭೆ ಇಟ್ಟರು. ನೋಟೀಸು ಹಚ್ಚಿಸಿದರು, ಪೇಟೆಯ ತುಂಬ ಡಂಗುರ ಹೊಡೆಸಿದರು.

ಶ್ರಾವಣದಲ್ಲಿ ನಮ್ಮ ಕಡೆ ಮೀನು ತಿನ್ನುವವರೂ ತಿನ್ನುವುದಿಲ್ಲ. ಘಟ್ಟದ ಕೆಳಗಿನ ಹೆಂಗಸರು ಆ ತಿಂಗಳು ಮೇಲೆ ಬರುವುದೇ ಇಲ್ಲ, ಗದ್ದೆಯ ಕೆಲಸಕ್ಕೆ ಹೋಗುತ್ತಾರೆ. ಇದು ಊರಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ. ರೊಟ್ಟಿ ತಿನ್ನುವ ಓವರ್ಸಿಯರ್ ಒಬ್ಬರಿಗೇ ಗೊತ್ತಿರಲಿಲ್ಲ.

ಸಭೆಗೆ ಎರಡು ದಿನ ಮುಂಚೆ ಸಂಜೆ ಅಪ್ಪ ನಾಲ್ಕು ಜನ ವ್ಯಾಪಾರಿಗಳನ್ನು ಮನೆಗೆ ಕರೆತಂದ. ಜಗಲಿಯಲ್ಲಿ ಕುಳಿತು ಚಾ ಕುಡಿದಾದ ಮೇಲೆ ನನ್ನನ್ನು ಕರೆದ.

"ತಮಾ, ಒಂದು ಅರ್ಜಿ ಬರದ್ಕೊಡು. ನಿನ್ನ ಅಕ್ಷರ ಚೊಲೋ ಇದ್ದು. ಮೀನಿನವ್ಕೆ ಒಂದು ಗೋಡೆ ಹಾಕ್ಸಿ, ಆಚಿಗೆ ಕೂರ್ಸವು ಹೇಳಿ."

ನಾನು ಅವನ ಮುಖ ನೋಡಿದೆ. ಅಪ್ಪ ಊಟಕ್ಕೆ ಹೋದಾಗ ಬಾಳೆಗೊನೆಗಳನ್ನು ಕಾಯುತ್ತಿದ್ದವಳು ಆ ಒಣಮೀನಿನವಳೇ. ಹಿಂದಿನ ವರ್ಷ ಅಪ್ಪ ಜ್ವರದಲ್ಲಿ ಮಲಗಿದ್ದಾಗ ಸಂತೆಗೆ ಬಂದ ಎಲೆಯ ಕಟ್ಟುಗಳನ್ನು ಬಾಡದಂತೆ ನೋಡಿಕೊಂಡು ಸಂಜೆ ಮನೆಯ ಮೆಟ್ಟಿಲವರೆಗೆ ತಂದಿಟ್ಟು ಹೋಗಿದ್ದಳು.

"ಅದು ಒಳ್ಳೆ ಹೆಂಗ್ಸು, ಆನು ಇಲ್ಲೆ ಹೇಳ್ತ್ನಿಲ್ಲೆ" ಎಂದ ಅಪ್ಪ, ನಾನು ಕೇಳುವ ಮೊದಲೇ. "ಆದ್ರೆ ಎಲೆಗೆ ವಾಸ್ನೆ ಹಿಡಿತು ಮಾರಾಯಾ. ಪೂಜೆಗೆ ಒಯ್ಯವ್ವು ತಗತ್ವಿಲ್ಲೆ."

"ಅವ್ವು ಈಗ ಬತ್ವಿಲ್ಲೆ ಅಲ್ದಾ. ಶ್ರಾವಣ" ಎಂದೆ.

"ಅದ್ಕೇ ಈಗ್ಲೇ ಆಗವು. ಎದ್ರಿಗೆ ಕುಂತ್ಗಂಡ್ರೆ ಹೇಳಲೆ ಬಾಯಿ ಬತ್ತಿಲ್ಲೆ."

ನಾನು ಬರೆದುಕೊಟ್ಟೆ. ಸಾರ್ವಜನಿಕರ ಹಿತದೃಷ್ಟಿಯಿಂದ ಎಂದು ಶುರುಮಾಡಿ ದುಂಡಗೆ ಒಂದು ಪುಟ. ಅಪ್ಪನ ಮಾತು ಮೀರಬಾರದೆಂದು ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ವಾಸನೆ ನನಗೂ ಬೇಡವಾಗಿತ್ತು.

ಸಭೆಗೆ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಅವರು ಅರ್ಜಿಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. ಓದಿ ನನ್ನ ಕಡೆ ಒಮ್ಮೆ ನೋಡಿದರು. ಅಕ್ಷರ ಯಾರದೆಂದು ತಿಳಿಯದೆ ಇರಲು ಸಾಧ್ಯವಿರಲಿಲ್ಲ. ದಿನವೂ ನೋಡುವ ಅಕ್ಷರ.

"ಆ ಒಣಮೀನಿನ ಅಕ್ಕಾರು ಬಂದಿಲ್ಲೇನು?"

"ಡಂಗುರ ಹೊಡಸ್ಯಾಯ್ತಲ್ಲ ಸಾಹೇಬ್ರೆ. ಬರೋರು ಬಂದಿದಾರೆ" ಎಂದರು ಅಧ್ಯಕ್ಷರು. ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು, ಮೃದು ಮಾತಿನವರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಅವರದೇನೂ ತಕರಾರಿಲ್ಲಂತ ತಿಳಕೋಬೇಕೇನು?"

ಅವರು ಎಂದಿನಂತೆ ಕಣ್ಣು ಮುಚ್ಚಿ ಕಾದರು. ಹೊರಗೆ ಮಳೆ ಜೋರಾಗಿತ್ತು. ನಾನು ಪೆನ್ಸಿಲ್ ಹೆರೆಯುತ್ತ ಕುಳಿತಿದ್ದೆ. ಒಂದು ಮಾತು, ಶ್ರಾವಣ ಸರ್ ಎಂಬ ಎರಡು ಶಬ್ದ ಸಾಕಿತ್ತು. ಅವರು ಕಣ್ಣು ತೆರೆದು, ಗೋಡೆ ಬೇಕೆನ್ನುವವರು ಕೈಯೆತ್ತಿ ಎಂದರು. ಕೋಣೆಯ ತುಂಬ ಕೈಗಳೆದ್ದವು.

ಮುಂದಿನ ಮೂರು ದಿನ ಕಚೇರಿಯಲ್ಲಿ ನಾವಿಬ್ಬರೇ ಕುಳಿತು ನಕ್ಷೆ ಮುಗಿಸಿದೆವು. ಅವರು ಪೆನ್ಸಿಲ್ಲಿನಲ್ಲಿ ಹಾಕಿದ ಗೋಡೆಗೆ ನಾನು ಶಾಯಿ ಎಳೆದೆ. ಒಮ್ಮೆ ಅವರು ಕಿಟಕಿಯ ಕಡೆ ಮುಖ ಮಾಡಿ, "ಯಾಕ ಬರ್ಲಿಲ್ಲೋ ಏನೋ" ಎಂದರು. ನನ್ನನ್ನು ಕೇಳಿದ್ದಲ್ಲ, ತಮಗೆ ತಾವೇ ಅಂದುಕೊಂಡದ್ದು. ನಾನು ಪೆನ್ನನ್ನು ದೌತಿಯಲ್ಲಿ ಅದ್ದಿದೆ.

ಚೌತಿ ಕಳೆದ ಮೊದಲ ಸಂತೆಗೆ ಅವಳು ಬಂದಳು. ಅಷ್ಟರಲ್ಲಿ ನಕ್ಷೆ ಕಾರವಾರದಿಂದ ಒಪ್ಪಿಗೆಯಾಗಿ ಬಂದಾಗಿತ್ತು. ಅವಳು ಎಂದಿನಂತೆ ರಸ್ತೆಯ ಅಂಚಿನಲ್ಲಿ ಅಪ್ಪನ ಪಕ್ಕ ಬುಟ್ಟಿ ಇಳಿಸಿದ್ದಳು. ನಾನು ಓವರ್ಸಿಯರ್ ಜೊತೆಗೇ ಇದ್ದೆ. ಅವರು ಅವಳನ್ನು ಕಂಡು ಸೈಕಲ್ ನಿಲ್ಲಿಸಿ ಹತ್ತಿರ ಹೋದರು.

"ಅಕ್ಕಾರ, ಮೀಟಿಂಗಿಗೆ ಯಾಕ ಬರಲಿಲ್ಲ ನೀವು?"

"ಯಾವಾಗ ಒಡ್ಯಾ?"

"ಶ್ರಾವಣದಾಗ."

ಅವಳು ನಕ್ಕಳು. "ಶ್ರಾವಣದಲ್ಲಿ ನಮ್ಗೆಂತಾ ಕೆಲ್ಸ ಇಲ್ಲಿ? ಯಾರ್ ತಕಂತ್ರು ಮೀನ?"

ಅವರು ಸುತ್ತ ಕುಳಿತವರನ್ನು ನೋಡಿದರು. ಒಬ್ಬೊಬ್ಬರೂ ತಕ್ಕಡಿ ನೋಡಿಕೊಳ್ಳುತ್ತಿದ್ದರು, ಹಣ್ಣು ಒರೆಸುತ್ತಿದ್ದರು. ಆಗ ಅವರ ಮುಖ ಹೇಗಾಯಿತೆಂದು ಬರೆಯಲು ನನ್ನಿಂದ ಆಗುವುದಿಲ್ಲ. ನಾನು ಆ ಹೊತ್ತಿಗೆ ಬೇರೆ ಕಡೆ ನೋಡಿದೆ. ಅವರು ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತು ಅವಳಿಗೆ ಗೋಡೆಯ ವಿಷಯ ಎಲ್ಲವನ್ನೂ ಹೇಳಿದರು.

"ಆಚೆ ಕೂಡ್ರೂಕೆ ಜಾಗ ಇದ್ಯಾ?" ಎಂದು ಕೇಳಿದಳು.

"ಅದ."

"ರಸ್ತೆ ಕಾಣ್ತದ್ಯಾ?"

"ಇಲ್ಲ."

ಅವಳು ಅಪ್ಪನ ಕಡೆ ತಿರುಗಿದಳು. "ಬಟ್ರೇ, ನೀವೂ ಕೈಯೆತ್ತಿದ್ರಾ?"

"ಊರಿಗ್ ಊರೇ ಎತ್ತಿತ್ತೇ. ನಾನೊಬ್ನೇ ಎಂತ ಮಾಡ್ಲಿ" ಎಂದ ಅಪ್ಪ, ಎಲೆ ಎಣಿಸುತ್ತ.

ಅಂದಿನಿಂದ ಅವರು ಆ ಗೋಡೆಯನ್ನು ನಕ್ಷೆಯಿಂದ ತೆಗೆಸಲು ಹೆಣಗಿದರು. ಕಾರವಾರಕ್ಕೆ ಬರೆದರು. ಪಂಚಾಯ್ತಿ ಠರಾವು ಮಾಡಿ ಕಳಿಸಿದರೆ ನೋಡಬಹುದು ಎಂದು ಅಲ್ಲಿಂದ ಉತ್ತರ ಬಂತು. ಅಧ್ಯಕ್ಷರ ಅಂಗಡಿಗೆ ಹೋದರು. ಅಧ್ಯಕ್ಷರು ಬೆಲ್ಲದ ಚೂರು, ನೀರು ಕೊಟ್ಟು ಕೂರಿಸಿ, ಮೆಲ್ಲನೆ, "ಅಲ್ಲಿ ದಿನಾ ಅಡ್ಡಾಡೋರು ಯಾರು ಸಾಹೇಬ್ರೆ, ನೀವೋ ನಾವೋ?" ಎಂದರು. ಅದನ್ನು ನನಗೆ ಹೇಳುವಾಗ ಓವರ್ಸಿಯರರ ದನಿಯಲ್ಲಿ ಸಿಟ್ಟಿರಲಿಲ್ಲ.

ಕೊನೆಗೆ ಇನ್ನೊಂದು ಸಭೆ ಕರೆದರು. ಈ ಸಲ ಸಂತೆಯ ದಿನವೇ, ಅವಳು ಇರುವ ಹೊತ್ತಿಗೇ. ತಾವೇ ಹೋಗಿ ಅವಳನ್ನೂ ಜೊತೆಯ ಇಬ್ಬರನ್ನೂ ಕರೆತಂದರು. ಒಳಗೆ ಬನ್ನಿ ಎಂದರೂ ಆ ಮೂವರು ಬಾಗಿಲ ಹೊರಗೇ ನಿಂತರು. ಅದೇ ಜನ, ಅದೇ ಕೋಣೆ. "ನಿಮ್ಮ ಮನಸ್ಸಿನ್ಯಾಗ ಇದ್ದದ್ದು ಹೇಳ್ರಿ ಅಕ್ಕಾರ. ಯಾರಿಗೂ ಅಂಜಬ್ಯಾಡ್ರಿ" ಎಂದು ಹೇಳಿ ಅವರು ಕಣ್ಣು ಮುಚ್ಚಿದರು.

ಅವಳು ಒಳಗಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವಳ ಬುಟ್ಟಿಗೆ ಕೈ ಕೊಟ್ಟು ಇಳಿಸುತ್ತಿದ್ದವರು, ಚಿಲ್ಲರೆ ಕೊಡುತ್ತಿದ್ದವರು, ಮಧ್ಯಾಹ್ನ ನೀರು ಹೊಯ್ಯುತ್ತಿದ್ದವರು. ನಾಳೆಯೂ ಇವರ ನಡುವೆಯೇ ಅವಳು ಕೂರಬೇಕು. ಓವರ್ಸಿಯರ್ ಇನ್ನೊಂದು ವರ್ಷ ಇದ್ದಾರು.

"ಎಲ್ಲ ಹೇಳ್ದಂಗೆ ಆಗ್ಲಿ ಒಡ್ಯಾ" ಎಂದಳು.

ಅವರು ಎಷ್ಟೋ ಹೊತ್ತು ಕಣ್ಣು ತೆರೆಯಲಿಲ್ಲ. ಅಧ್ಯಕ್ಷರು ಕೆಮ್ಮಿ, "ಹಾಗಾದ್ರೆ ಮುಗೀತಲ್ಲ" ಎಂದಮೇಲೆ ತೆರೆದರು. ನಾನು ಕಾಗದಗಳನ್ನು ಕಟ್ಟಿಟ್ಟು ಮನೆಗೆ ಹೋದೆ.

ಚಿರೆಕಲ್ಲಿನ ಗೋಡೆ ಆಳೆತ್ತರಕ್ಕೆ ಎದ್ದಿತು. ಮಾರ್ಕೆಟ್ಟಿನ ಉಳಿದದ್ದೆಲ್ಲ ನಿಜಕ್ಕೂ ಚೆನ್ನಾಗಿತ್ತು. ಬೆಲ್ಲದವರಿಗೆ ನೆರಳಿತ್ತು, ಬಳೆಗಾರರಿಗೆ ಮೂಲೆಯಿತ್ತು, ಅಪ್ಪನ ಪಕ್ಕ ತೊಟ್ಟಿಯಿತ್ತು. ಶಿರಸಿಯಿಂದ ಬಂದು ನೋಡಿಹೋದ ಅಧಿಕಾರಿಗಳು ಜನರನ್ನು ಕೇಳಿ ಕಟ್ಟಿದ್ದೆಂದು ಹೊಗಳಿದರು. ಅವಳು ಗೋಡೆಯ ಆಚೆ, ಚರಂಡಿಯ ಪಕ್ಕ ಮೂರು ಸಂತೆ ಕೂತಳು. ಮೊದಲಾದರೆ ತರಕಾರಿ ಕೊಳ್ಳುತ್ತ ಹೋಗುವವರು ಹಾಗೆಯೇ ಒಂದು ಹಿಡಿ ಸಿಗಡಿಯನ್ನೂ ಚೀಲಕ್ಕೆ ಹಾಕಿಸಿಕೊಳ್ಳುತ್ತಿದ್ದರು. ಈಗ ಗೋಡೆ ಸುತ್ತಿ ಹೋದರೆ ಹೋದದ್ದು ಎಲ್ಲರಿಗೂ ಕಾಣುತ್ತದೆ. ತಿನ್ನುವವರೂ ನಾಚಿದರು. ನಾಲ್ಕನೆಯ ಸಂತೆಗೆ ಮೂವರಲ್ಲಿ ಯಾರೂ ಬರಲಿಲ್ಲ.

ಓವರ್ಸಿಯರ್ ಒಂದು ಭಾನುವಾರ ಮೋಟಾರ್ ಹತ್ತಿ ಘಟ್ಟ ಇಳಿದು ಅವಳ ಊರು ಹುಡುಕಿಕೊಂಡು ಹೋದರು. ಮರುದಿನ ಕಚೇರಿಯಲ್ಲಿ, ಸಿಕ್ಕಿದಳೇ ಎಂದು ಕೇಳಿದೆ. ಸಿಕ್ಕಳಂತೆ. ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳಂತೆ.

"ಏನಂದ್ಳು ಸರ್?"

"ಉಂಡು ಬಂದ್ರ್ಯಾ ಅಂತ ಕೇಳಿದ್ರು" ಎಂದರು. "ಚಾಪಿ ಹಾಸಿದ್ರು. ಅವರ ಮನ್ಯಾಗ ನಾ ಉಣ್ಣಾಕ 'ಹೂಂ' ಅನ್ನಲಿಲ್ಲ ತಮ್ಮಾ. ನೀರು ಅಷ್ಟ ಕುಡದೆ" ಎಂದರು. ತಾವೇ ವರ್ಗಕ್ಕೆ ಅರ್ಜಿ ಹಾಕಿಕೊಂಡು ಆ ಬೇಸಗೆಯಲ್ಲೇ ಸಿದ್ದಾಪುರದ ಕಡೆಗೆ ಹೋದರು.

ಐದಾರು ವರ್ಷಗಳ ನಂತರ ಕಚೇರಿಯ ಕಾಗದಪತ್ರದ ಕೆಲಸಕ್ಕೆ ನಾನು ಸಿದ್ದಾಪುರಕ್ಕೆ ಹೋದಾಗ ಅವರನ್ನು ಕಂಡೆ. ಅಪ್ಪ ಆಗ ತೀರಿಕೊಂಡಿದ್ದ. ಅವರು ಮೇಜಿನ ಮುಂದೆ ಬಗ್ಗಿ ಯಾವುದೋ ಚರಂಡಿಯ ನಕ್ಷೆ ಬರೆಯುತ್ತಿದ್ದರು. ಮೂಲೆಯಲ್ಲಾಗಲಿ ಮೇಜಿನ ಕೆಳಗಾಗಲಿ ಸುಣ್ಣದ ಡಬ್ಬಿ ಇರಲಿಲ್ಲ. ದೊಡ್ಮನೆ ಊರಿನಿಂದ ಬಂದಿದ್ದ ಇಬ್ಬರು ಬಾಗಿಲಲ್ಲಿ ನಿಂತು, ಚರಂಡಿಯನ್ನು ಶಾಲೆಯ ಎದುರಿಂದ ಒಯ್ಯಬೇಡಿ, ಒಮ್ಮೆ ಬಂದು ನೋಡಿ ಎನ್ನುತ್ತಿದ್ದರು. ಅವರು ತಲೆಯೆತ್ತದೆ, "ಕಚೇರಿಗೆ ಅರ್ಜಿ ಕೊಡ್ರಿ" ಎಂದರು. ಆ ಇಬ್ಬರು ಹೋದರು. ಓವರ್ಸಿಯರ್ ಗೆರೆ ಎಳೆಯುವುದನ್ನು ಮುಂದುವರಿಸಿದರು.

ನನ್ನನ್ನು ಗುರುತಿಸಿ ಎದ್ದರು. ಬಹಳ ಇಳಿದುಹೋಗಿದ್ದರು. ಎದುರಿನ ಅಂಗಡಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದರು. ಮಕ್ಕಳು, ಮಳೆ, ವರ್ಗದ ಮಾತು ಆಯಿತು. ಚಹಾ ಬಂದಮೇಲೆ ಅವರು ಬಸಿಯನ್ನು ಕೈಯಲ್ಲಿ ಹಿಡಿದು ಕುಡಿಯದೆ ಕುಳಿತರು.

"ತಮ್ಮಾ, ಒಂದು ಮಾತು ಭಾಳ ದಿನದಿಂದ ತಲ್ಯಾಗ ಅದ. ಊರಿಗೆ ಊರನ್ನ ಕೇಳಿದೆ ನಾನು. ಬಾಜೂಕ ಕುಂತ ನಿನ್ನ ಒಬ್ಬಾವನ್ನ ಕೇಳಲಿಲ್ಲ. ನೀ ಆ ಊರಾವ, ಶ್ರಾವಣದ್ದು ನಿನಗ ಗೊತ್ತಿತ್ತು. ಅರ್ಜಿ ನಿನ್ನ ಅಕ್ಷರದ್ದು, ಅದೂ ಗೊತ್ತದ ನನಗ. ಅಪ್ಪ ಬರಿ ಅಂದ್ರ ಮಗ ಬರೀಬೇಕಲ್ಲ, ಅದರಾಗ ನಿನ್ನ ತಪ್ಪಿಲ್ಲ. ಮೀಟಿಂಗಿನ್ಯಾಗ ಅಪ್ಪನ ಮುಂದ ಹೆಂಗ ಬಾಯಿ ಬಿಡತಿದ್ದಿ ನೀನು. ಆದರ ಆಮ್ಯಾಲೆ ಮೂರು ದಿನಾ ನಾವಿಬ್ರ ಇದ್ದೆವು. ಅವಾಗರ ಕರದು ಕೇಳಬೇಕಾಗಿತ್ತು ನಾನು. ಕೇಳಿದ್ದರ ಹೇಳತಿದ್ದ್ಯಲ್ಲ?"

ಅವರು ಕಣ್ಣು ಮುಚ್ಚಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಳ್ತಿದ್ದೆ ಸರ್" ಎಂದೆ.

ಅವರು ತಲೆಯಾಡಿಸಿದರು. "ನಾನೂ ಹಂಗ ಅನಕೊಂಡಿದ್ದೆ. ಹಂಗಾರ ತಪ್ಪು ನಂದ" ಎಂದು ಹೇಳಿ, ಆರಿಹೋದ ಚಹಾವನ್ನು ಒಂದೇ ಸಲಕ್ಕೆ ಕುಡಿದು, ನನ್ನ ಭುಜ ಮುಟ್ಟಿ ಕಚೇರಿಯ ಕಡೆಗೆ ನಡೆದರು. ಕೇಳಿದ್ದರೂ ಹೇಳುತ್ತಿರಲಿಲ್ಲ, ಆ ಗೋಡೆ ನನಗೂ ಬೇಕಿತ್ತು ಎಂದು ಕರೆದು ಹೇಳುವಷ್ಟು ದೂರದಲ್ಲೇ ಇದ್ದರು. ನಾನು ಶಿರಸಿಯ ಮೋಟಾರ್ ಹತ್ತಿದೆ.